ಪರದೇಶದಲ್ಲಿ ಒಂದು ವರುಷದ ಸೇವೆ: ಹೊರಡುವವರಿಗೂ ಕಳುಹಿಸುವವರಿಗೂ ಒಂದು ಪಾಠ

ತುಮಕೂರು ಪಟ್ಟಣದಲ್ಲಿಯೂ ಗುಬ್ಬಿ, ಕುಣಿಗಲು ಸೀಮೆಯ ಗ್ರಾಮಸಭೆಗಳಲ್ಲಿಯೂ ಯೌವನಸ್ಥರು ವಿಚಾರಿಸುತ್ತಿರುವ ಒಂದು ವಿಷಯವನ್ನು ಈ ಪಾಠದಲ್ಲಿ ಎತ್ತಿಕೊಳ್ಳೋಣ. ಸಂಬಳದ ನೌಕರಿಗಲ್ಲದೆ, ಒಂದು ವರುಷದ ಮಟ್ಟಿಗೆ ಪರದೇಶಕ್ಕೆ ಹೋಗಿ ಸೇವೆ ಮಾಡಿ ಹಿಂದಿರುಗುವದು ಹೇಗೆ? ಅದಕ್ಕೆ ಏನೇನು ಸಿದ್ಧತೆ ಬೇಕು? ಈ ಪ್ರಶ್ನೆ ಹುಟ್ಟಿದ ಕೂಡಲೇ ಮನೆಗಳಲ್ಲಿ ಪೆಟ್ಟಿಗೆ, ಉಣ್ಣೆಯ ಅಂಗಿ, ವಿಮಾನದ ಟಿಕೆಟು ಇವುಗಳ ಮಾತೇ ಮೊದಲು ಬರುತ್ತದೆ. ಅವೂ ಬೇಕಾದವುಗಳೇ. ಆದರೆ ಅವುಗಳಿಗೆ ಮುಂಚೆ ತೀರ್ಮಾನವಾಗಬೇಕಾದದ್ದು, ಹೋಗುವವನು ಯಾವ ಭಾವದಿಂದ ಹೋಗುತ್ತಾನೆಂಬದು. ಗಳಿಸುವದಕ್ಕೆ ಹೋಗುವವನ ಸಿದ್ಧತೆ ಒಂದು ತರ, ಕಲಿಸುವದಕ್ಕೆ ಹೋಗುವವನ ಸಿದ್ಧತೆ ಇನ್ನೊಂದು ತರ. ಈ ವರುಷವನ್ನು ಕೊಡುವದಕ್ಕೆ ಹೊರಟವನಾದರೋ ಕಲಿಯುವವನಾಗಿ ಹೋಗತಕ್ಕವನು. ಇದು ಮನಸ್ಸಿನಲ್ಲಿ ನೆಲೆಗೊಂಡರೆ ಉಳಿದ ಸಿದ್ಧತೆಗಳು ತಾವಾಗಿಯೇ ತಮ್ಮ ತಮ್ಮ ಸ್ಥಾನದಲ್ಲಿ ಕೂಡಿಕೊಳ್ಳುವವು.

ಸೇವೆಗೋಸ್ಕರ ಸಮುದ್ರ ದಾಟುವದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಬರಮಾಡಿಕೊಂಡವರಾಗಿ ನಾವು ಅದನ್ನು ಬಲ್ಲೆವು. 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆ ಮಾಡಿಕೊಂಡರು. ಆ ಕೆಲಸದ ಮೊದಲಿಗರಲ್ಲಿ ಥಾಮಸ್ ಹಾಡ್ಸನ್ ಎಂಬವರು ಮುಖ್ಯರು. ಎರಡು ವರುಷಗಳ ತರುವಾಯ, 1839ರಲ್ಲಿ, ಐರ್ಲೆಂಡ್ ದೇಶದ ವಿಲಿಯಂ ಆರ್ಥರ್ ಎಂಬವರು ಬಂದು ಅವರ ಜೊತೆ ಸೇರಿದರು. ಆರ್ಥರರಿಗೆ ಆಗ ಇಪ್ಪತ್ತೇ ವರುಷ. ನಮ್ಮಲ್ಲಿ ಈಗ ಡಿಗ್ರಿ ಓದುವ ಹುಡುಗರ ವಯಸ್ಸು. ಗುಬ್ಬಿಯ ಪೇಟೆ, ಜಾತ್ರೆ, ಜನರ ಮಾತುಕತೆ ಇವೆಲ್ಲವೂ ಅವರಿಗೆ ಹೊಸದಾಗಿದ್ದವು. ಎರಡು ವರುಷ ತುಂಬುವಷ್ಟರಲ್ಲಿ ಕಣ್ಣಿನ ಬೇನೆ ಬಲವಾಗಿ, 1841ರಲ್ಲಿ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಆ ಸ್ವಲ್ಪ ಕಾಲದಲ್ಲಿ ಕಂಡು ಕೇಳಿದ್ದನ್ನು ಅವರು 1847ರಲ್ಲಿ ಇಂಗ್ಲಿಷ್ ಭಾಷೆಯಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು. ಹಾಡ್ಸನರೋ ಬಹುಕಾಲ ಈ ದೇಶದಲ್ಲಿದ್ದು, 1859ರಲ್ಲಿ ಕನ್ನಡ ಭಾಷೆಗೆ ಒಂದು ಪ್ರಾರಂಭದ ವ್ಯಾಕರಣವನ್ನು ಬರೆದು ಅಚ್ಚು ಹಾಕಿಸಿದರು. ಸಂತೆಯಲ್ಲಿಯೂ ಮನೆಯ ಜಗಲಿಯಲ್ಲಿಯೂ ವರುಷಗಟ್ಟಲೆ ಕಿವಿಗೊಟ್ಟು ಕೂಡದೆ ಅಂಥ ಪುಸ್ತಕವು ಹುಟ್ಟುವದಿಲ್ಲ.

ಆದಾಗ್ಯೂ ಅವರ ಬರುವಿಕೆಗೂ ನಮ್ಮ ಮಕ್ಕಳ ಹೋಗುವಿಕೆಗೂ ಇರುವ ಭೇದವನ್ನು ಮರೆಮಾಡಬಾರದು. ಆಗ ಮೈಸೂರು ಸೀಮೆಯು ಕಬ್ಬನ್ ಎಂಬ ಆಂಗ್ಲ ಕಮಿಷನರರ ಆಡಳಿತದಲ್ಲಿತ್ತು. ಬಂದ ಬಿಳಿಯನು ಇಪ್ಪತ್ತು ವರುಷದವನಾದರೂ ಜನರ ಬಾಯಲ್ಲಿ ದೊರೆಯೇ ಆಗಿದ್ದನು. ನಮ್ಮ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಅಲ್ಲಿ ಯಾರೂ ದೊರೆಯೆಂದು ಕರೆಯುವದಿಲ್ಲ. ಬಸ್ಸಿನ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆಂದು ತಿಳಿಯದೆ ನಿಂತ ಪರದೇಶಿ ಅವನು. ನನ್ನ ಅಭಿಪ್ರಾಯದಲ್ಲಿ ಇದು ನಷ್ಟವಲ್ಲ. ಕಲಿಯುವದಕ್ಕೆ ದೊರೆತನಕ್ಕಿಂತ ಹೆಚ್ಚಿನ ಅಡ್ಡಿ ಯಾವದೂ ಇಲ್ಲ.

ಇನ್ನು ಹೋಗುವ ದಾರಿಯನ್ನು ನೋಡೋಣ. ದಾರಿಗಳು ಹಲವು ಇದ್ದರೂ ನಮ್ಮ ಸಭೆಗಳಿಗೆ ಹತ್ತಿರವಾದದ್ದು ಒಂದನ್ನೇ ಇಲ್ಲಿ ವಿವರಿಸುತ್ತೇನೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇ.ಎಂ.ಎಸ್. ಎಂಬ ಸಭೆಗಳ ಒಕ್ಕೂಟವಿದೆ. ಇದು 1972ರಲ್ಲಿ ಸ್ಥಾಪನೆಯಾಯಿತು. ದಕ್ಷಿಣ ಇಂಡಿಯಾ ಸಭೆಯೂ ಇದರ ಒಂದು ಅಂಗ. ಜರ್ಮನಿಯ ಯೌವನಸ್ಥರು ನಮ್ಮ ದೇಶದ ಅನಾಥಾಲಯಗಳಿಗೂ ವಿದ್ಯಾರ್ಥಿನಿಲಯಗಳಿಗೂ ಸೇವೆಗೆ ಬರುವಂತೆಯೇ, ಇಂಡಿಯಾ ಮೊದಲಾದ ದೇಶಗಳ ಯೌವನಸ್ಥರು ಒಂದು ವರುಷ ಅಲ್ಲಿಗೆ ಹೋಗುವ ಕ್ರಮವನ್ನೂ ಈ ಒಕ್ಕೂಟದವರು ಏರ್ಪಡಿಸಿದ್ದಾರೆ. ತುಮಕೂರು ಜಿಲ್ಲೆಯ ಸಭೆಗಳು ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿದವುಗಳಾದಕಾರಣ, ಯಾವ ವರುಷ ಸ್ಥಳವುಂಟು, ಅರ್ಜಿ ಯಾವಾಗ ಎಂಬದನ್ನು ಸಭಾಪಾಲಕರ ಮೂಲಕ ಬೆಂಗಳೂರಿನ ಪ್ರಾಂತ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಅಲ್ಲಿ ಹೋದವರು ಸಾಮಾನ್ಯವಾಗಿ ಆ ದೇಶದ ಸರಕಾರದವರು ಏರ್ಪಡಿಸಿರುವ ಸ್ವಯಂಸೇವೆಯ ಕಾನೂನಿನ ಕೆಳಗೆ ಕೆಲಸ ಮಾಡುತ್ತಾರೆ. ಈ ಏರ್ಪಾಡು 2011ನೆಯ ಜುಲೈ 1ರಿಂದ ನಡೆದುಬಂದಿದೆ. ಸೇವೆಯ ಅವಧಿ ವಾಡಿಕೆಯಾಗಿ ಹನ್ನೆರಡು ತಿಂಗಳು. ಚಿಕ್ಕ ಮಕ್ಕಳ ಶಾಲೆ, ವೃದ್ಧಾಶ್ರಮ, ಆಸ್ಪತ್ರೆ, ಅಂಗವಿಕಲರ ಮನೆ, ಇಂಥ ಸ್ಥಳಗಳಲ್ಲಿ ದಿನವೆಲ್ಲಾ ದುಡಿಮೆ. ಅದಕ್ಕೆ ಪ್ರತಿಯಾಗಿ ವಸತಿ, ಊಟ, ಕೈಖರ್ಚಿನ ಹಣ, ಆರೋಗ್ಯದ ವಿಮೆ ಇಷ್ಟು ಒದಗುವದು. ಇಪ್ಪತ್ತೇಳು ವರುಷದ ಒಳಗಿನವರಿಗೆ ವರುಷದಲ್ಲಿ 25 ದಿವಸ ಪಾಠದ ಕೂಟಗಳೂ ಉಂಟು. ಕೈಖರ್ಚಿನ ಹಣವೆಂದರೆ ಸಂಬಳವಲ್ಲ. ರೂಪಾಯಿಯ ಲೆಕ್ಕಕ್ಕೆ ತಿರುಗಿಸಿದರೆ ದೊಡ್ಡದಾಗಿ ಕಾಣುವ ಮೊತ್ತವು ಆ ಊರಿನ ಅಂಗಡಿಯಲ್ಲಿ ಬಹು ಬೇಗ ಕರಗುತ್ತದೆ. ಈ ಹಣದಿಂದ ಮನೆಯ ಸಾಲ ತೀರಿಸುವೆನೆಂದು ಹೊರಡುವವನು ಹೊರಡದೆ ಇರುವದು ಲೇಸು.

ಈಗ ಕೆಲಸದ ವಿಷಯ. ಇಲ್ಲಿಯೇ ನಮ್ಮ ಮನೆಗಳಲ್ಲಿ ನಿಜವಾದ ತೊಡಕು ಏಳುವದು. ವೃದ್ಧಾಶ್ರಮದ ಕೆಲಸವೆಂದರೆ ಮುದುಕರಿಗೆ ತುತ್ತು ಉಣಿಸುವದು, ಮೈ ತೊಳೆಯುವದು, ಹಾಸಿಗೆ ಬದಲಿಸುವದು, ಕೆಲವು ವೇಳೆ ಮಲಮೂತ್ರ ಶುದ್ಧಿ ಮಾಡುವದು. ಇದನ್ನು ಕೇಳಿದ ತಂದೆಯು, "ನಾವು ಪಟ್ಟದ್ದು ಸಾಲದೇನಪ್ಪಾ? ನಿನ್ನನ್ನು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ್ದು ಇದಕ್ಕೇನಾ?" ಎಂದು ಕೇಳಿದರೆ ಅದನ್ನು ಅಹಂಕಾರದ ಮಾತೆಂದು ತಳ್ಳಿಹಾಕಬಾರದು. ನಮ್ಮ ಗ್ರಾಮಸಭೆಗಳಲ್ಲಿ ಬಹು ಮಂದಿಯ ಅಜ್ಜಂದಿರು ಇಂಥ ಕೆಲಸವನ್ನು ತಾವಾಗಿ ಆರಿಸಿಕೊಂಡವರಲ್ಲ. ಹುಟ್ಟಿದ್ದರಿಂದಲೇ ಅದು ಅವರ ತಲೆಗೆ ಕಟ್ಟಲ್ಪಟ್ಟಿತು. ಮಾಡಿದರೂ ನೀರು ಮುಟ್ಟುವದಕ್ಕೆ ಬಿಡಲಿಲ್ಲ. ಅದರಿಂದ ಪಾರಾಗುವದಕ್ಕೆಂದೇ ಮಕ್ಕಳ ಕೈಗೆ ಸ್ಲೇಟು ಕೊಟ್ಟರು. ಆ ತಂದೆಯ ಪ್ರಶ್ನೆಯ ಹಿಂದೆ ನೂರಾರು ವರುಷಗಳ ನೋವು ಉಂಟು. ಹಗುರವಾದ ಉತ್ತರವು ಅವನಿಗೆ ಸಲ್ಲದು.

ಆದರೂ ಉತ್ತರವೊಂದು ಉಂಟು. ಜರ್ಮನಿಯಲ್ಲಿ ಯುವಕರಿಗೆ ಸೈನ್ಯದ ಕಡ್ಡಾಯ ಸೇವೆಯಿದ್ದ ಕಾಲದಲ್ಲಿ, ಆಯುಧ ಹಿಡಿಯುವದಕ್ಕೆ ಮನಸ್ಸಾಕ್ಷಿ ಒಪ್ಪದವರು ಅದರ ಬದಲಾಗಿ ನಾಗರಿಕ ಸೇವೆ ಮಾಡಬೇಕಾಗಿತ್ತು. 1961ರಿಂದ 2011ರ ವರೆಗೆ, ಐವತ್ತು ವರುಷ, ಅನೇಕಾನೇಕ ಯುವಕರು ಹೀಗೆ ಮಾಡಿದರು. ವೈದ್ಯನ ಮಗನೂ ರೈತನ ಮಗನೂ ಒಂದೇ ವೃದ್ಧಾಶ್ರಮದಲ್ಲಿ ನಿಂತು ಮುದುಕರ ಮೈ ತೊಳೆದರು. ಕಡ್ಡಾಯ ಸೇವೆಯು 2011ರಲ್ಲಿ ನಿಂತಾಗ, ಅವರಿಂದ ತೆರವಾದ ಸ್ಥಾನಕ್ಕೆ ಮೇಲೆ ಹೇಳಿದ ಸ್ವಯಂಸೇವೆಯ ಏರ್ಪಾಡು ಬಂದಿತು. ಆದಕಾರಣ ಅಲ್ಲಿ ಈ ಕೆಲಸವು ಯಾವದೊಂದು ಕುಲದ ತಲೆಯ ಮೇಲಿನ ಹೊರೆಯಲ್ಲ. ಕೈಗೆ ಕೈಗವಸು ಹಾಕಿಕೊಂಡು, ಸರದಿಯ ಪ್ರಕಾರ ಮಾಡಿ, ಮುಗಿದ ಮೇಲೆ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿಯುವ ಕೆಲಸ. ಬಲವಂತವಾಗಿ ಮಾಡಿದ ಅಜ್ಜನ ಕೆಲಸಕ್ಕೂ ಇಷ್ಟಪಟ್ಟು ಒಂದು ವರುಷ ಮಾಡಿ ಬಿಟ್ಟುಬರುವ ಮೊಮ್ಮಗನ ಕೆಲಸಕ್ಕೂ ಹೋಲಿಕೆಯಿಲ್ಲ. ಇಷ್ಟು ಹೇಳಿದ ಮೇಲೂ ತಂದೆಗೆ ಮನಸ್ಸು ಬಾರದಿದ್ದರೆ ಮಕ್ಕಳ ಶಾಲೆಯ ಕೆಲಸವನ್ನು ಅರ್ಜಿಯಲ್ಲಿ ಕೇಳಿಕೊಳ್ಳಬಹುದು. ಆದರೆ ಮಾತು ಹೊರಡುವದಕ್ಕೆ ಮುಂಚೆಯೇ, ಮನೆಯಲ್ಲಿಯೇ, ಬಿಚ್ಚುಮನಸ್ಸಿನಿಂದ ಆಗಿಹೋಗಬೇಕು. ಅಪ್ಪನಿಗೆ "ಆಫೀಸಿನ ಕೆಲಸ" ಎಂದು ಹೇಳಿ ಹೋಗುವವನು ವರುಷವೆಲ್ಲಾ ಆ ಸುಳ್ಳಿಗೆ ಕಾವಲು ಕಾಯಬೇಕಾಗುವದು.

ಭಾಷೆಯ ವಿಷಯಕ್ಕೆ ಬರೋಣ. ಇಂಗ್ಲಿಷ್ ಬಂದರೆ ಸಾಕೆಂದು ಪಟ್ಟಣದ ಹುಡುಗರು ತಿಳಿದಿದ್ದಾರೆ. ತೊಂಬತ್ತು ವರುಷದ ಮುದುಕಿಯೂ ನಾಲ್ಕು ವರುಷದ ಮಗುವೂ ಇಂಗ್ಲಿಷ್ ಆಡುವದಿಲ್ಲ. ಸೇವೆಯು ಇವರ ಮಧ್ಯದಲ್ಲಿಯೇ ಇರುವದು. ಬೆಂಗಳೂರಿನ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂಬ ಜರ್ಮನ್ ವಿದ್ಯಾಸಂಸ್ಥೆಯುಂಟು. ಎ1, ಎ2 ಎಂಬ ಮೊದಲ ಮೆಟ್ಟಿಲುಗಳ ಪಾಠವೂ ಪರೀಕ್ಷೆಯೂ ಅಲ್ಲಿ ನಡೆಯುತ್ತವೆ. ಹೊರಡುವದಕ್ಕೆ ಆರೇಳು ತಿಂಗಳ ಮುಂಚೆಯೇ ಆರಂಭಿಸಬೇಕು. ಆ ಭಾಷೆಯು ಕಠಿಣವೆಂದು ಹೆದರುವವರಿಗೆ ಒಂದು ಸಮಾಧಾನ ಹೇಳುತ್ತೇನೆ. ಇಂಗ್ಲಿಷರಲ್ಲಿ ಅಳಿದುಹೋದ "ನೀನು", "ನೀವು" ಎಂಬ ಭೇದವು ಜರ್ಮನ್ನಿನಲ್ಲಿ ಈಗಲೂ ಇದೆ; "ದೂ" ಎಂದರೆ ನೀನು, "ಜೀ" ಎಂದರೆ ನೀವು. ಯಾರನ್ನು ಯಾವಾಗ ಹೇಗೆ ಕರೆಯಬೇಕೆಂಬ ಎಚ್ಚರವು ಕನ್ನಡದವರಿಗೆ ಎದೆಹಾಲಿನಿಂದಲೇ ಬಂದದ್ದು. ಮತ್ತೊಂದು, ಅಲ್ಲಿಯ ಅಧೀನವಾಕ್ಯದಲ್ಲಿ ಕ್ರಿಯಾಪದವು ನಮ್ಮಲ್ಲಿಯಂತೆ ಕೊನೆಗೇ ಹೋಗುತ್ತದೆ. "ಇಹ್ ಕೊಮ್ಮ ನಿಹ್ಟ್, ವೈಲ್ ಇಹ್ ಕ್ರಾಂಕ್ ಬಿನ್" ಎಂದರೆ "ನಾನು ಬರುವದಿಲ್ಲ, ಯಾಕಂದರೆ ನಾನು ಅಸ್ವಸ್ಥನಾಗಿದ್ದೇನೆ" ಎಂದರ್ಥ; "ಬಿನ್" ಎಂಬದು ನಮ್ಮ "ಇದ್ದೇನೆ"ಯ ಹಾಗೆಯೇ ಕೊನೆಯಲ್ಲಿ ಕೂತಿರುವದನ್ನು ನೋಡಿರಿ. ಹೀಗಿದ್ದರೂ ಪುಸ್ತಕದ ಭಾಷೆಯನ್ನು ಕಲಿತು ಹೋದವನು ಸ್ಟುಟ್‌ಗಾರ್ಟಿನ ಸುತ್ತಿನ ಹಳ್ಳಿಗಳಲ್ಲಿ ಮೊದಲ ವಾರ ಬೆಪ್ಪಾಗುವನು. ಅಲ್ಲಿಯ ವೃದ್ಧರು ಶ್ವಾಬಿಷ್ ಎಂಬ ನುಡಿಗಟ್ಟನ್ನಾಡುತ್ತಾರೆ. ಶಾಲೆಯ ಕನ್ನಡ ಕಲಿತ ಪರದೇಶದವನು ಕುಣಿಗಲು ಸಂತೆಯಲ್ಲಿ ನಿಂತಂತೆ.

ಜರ್ಮನಿಯಿಂದ ಕನ್ನಡಕ್ಕೆ ಬಂದವರು ಇದನ್ನೇ ಎದುರಿಸಿದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದು, ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ನಡುವೆ ನಾಲ್ವತ್ತೊಂದು ವರುಷ. ಒಂದು ವರುಷಕ್ಕೆ ಹೋಗುವವನಿಂದ ನಿಘಂಟನ್ನು ಯಾರೂ ಕೇಳುವದಿಲ್ಲ. ದಿನಕ್ಕೆ ಹತ್ತು ಪದ ಬರೆದಿಟ್ಟರೆ ಸಾಕು.

ಕಾಗದಪತ್ರಗಳ ಸಂಗತಿಯಲ್ಲಿ ನಮ್ಮವರು ಎಡವುವದು ಹೆಸರಿನ ಮೇಲೆ. ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರಿಗೆ ಒಂದು ಸ್ಥಳ, ಮನೆತನದ ಹೆಸರಿಗೆ ಒಂದು ಸ್ಥಳ. ನಮ್ಮಲ್ಲಿ ಮನೆತನದ ಹೆಸರೆಲ್ಲಿ? ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ, ಸಭೆಯ ದೀಕ್ಷಾಸ್ನಾನದ ದಾಖಲೆಯಲ್ಲಿ ಮತ್ತೊಂದು ರೀತಿ ಇದ್ದರೆ ತಿಂಗಳುಗಟ್ಟಲೆ ಅಲೆದಾಟವಾಗುವದು. ಆದಕಾರಣ ಅರ್ಜಿ ಹಾಕುವದಕ್ಕೆ ಮುಂಚೆ ಈ ಮೂರನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿರಿ. ಅಕ್ಷರಗಳನ್ನು ಬಿಡಿಸಿ ತಂದೆಯ ಹೆಸರನ್ನು ಮನೆತನದ ಸ್ಥಳದಲ್ಲಿ ಬರೆಸಿದವರು ಇನ್ನೊಂದನ್ನು ತಿಳಿದಿರಬೇಕು: ಅಲ್ಲಿ ಕಚೇರಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ನಿಮ್ಮನ್ನು ತಂದೆಯ ಹೆಸರಿನಿಂದಲೇ ಕೂಗುವರು. ವರುಷವೆಲ್ಲಾ ಅಪ್ಪನ ಹೆಸರಿಗೆ ಎದ್ದು ನಿಲ್ಲಬೇಕು! ಇದರಲ್ಲಿ ಒಂದು ಸೊಗಸೂ ಉಂಟು. ಪ್ರಾಯದವರ ಪಾಸ್‌ಪೋರ್ಟು ಹತ್ತು ವರುಷ ನಡೆಯುವದು. 36 ಪುಟದ್ದಕ್ಕೆ ಸರಕಾರದ ವಾಡಿಕೆಯ ಶುಲ್ಕ 1,500 ರೂಪಾಯಿ. ಪೊಲೀಸರ ವಿಚಾರಣೆ ಮನೆಯ ವಿಳಾಸಕ್ಕೇ ಬರುವದರಿಂದ ನಿಜವಾಗಿ ವಾಸವಿರುವ ವಿಳಾಸವನ್ನೇ ಕೊಡಬೇಕು. ವೀಸಾ ಕೊಡುವ ಜರ್ಮನ್ ಕಾನ್ಸುಲೇಟು 2008ರಿಂದ ಬೆಂಗಳೂರಿನಲ್ಲಿಯೇ ಇರುವದರಿಂದ ಅದಕ್ಕಾಗಿ ಚೆನ್ನೈಗೆ ಓಡಬೇಕಾದದ್ದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಕಟುವಾಗಿಯೇ ಬರೆಯಬೇಕಾಗಿದೆ. ಸೇವೆಯ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೇಳುವವನು, ಒಮ್ಮೆ ಹೋದರೆ ಅಲ್ಲಿಯೇ ನಿಂತುಬಿಡಬಹುದೆಂದು ಕಿವಿಯಲ್ಲಿ ಹೇಳುವವನು, ಪಾಸ್‌ಪೋರ್ಟನ್ನು ತನ್ನ ಹತ್ತಿರ ಇಟ್ಟುಕೊಳ್ಳುವೆನೆನ್ನುವವನು, ಇವರಲ್ಲಿ ಯಾರು ಬಂದರೂ ಜಗಲಿ ಹತ್ತಿಸಬಾರದು. ಹಣ ತೆಗೆದುಕೊಂಡು ಪರದೇಶದ ನೌಕರಿಗೆ ಜನರನ್ನು ಸೇರಿಸುವವರು 1983ರ ವಲಸೆ ಕಾಯಿದೆಯ ಪ್ರಕಾರ ಸರಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಇಲ್ಲದಿದ್ದರೆ ಅದು ಅಪರಾಧ. ಕಳುಹಿಸುವ ಸಂಸ್ಥೆಯ ಹೆಸರು, ಕೆಲಸದ ಸ್ಥಳ, ಅವಧಿ, ವಸತಿ, ವಿಮೆ, ಹೋಗಿಬರುವ ಪ್ರಯಾಣದ ಖರ್ಚು ಯಾರದೆಂಬದು, ಇವೆಲ್ಲವೂ ಕಾಗದದ ಮೇಲೆ ಬಂದ ಹೊರತು ಅಡಿಕೆ ತೋಟವನ್ನು ಅಡವಿಡುವದು, ಸಂಘದಲ್ಲಿ ಸಾಲ ಎತ್ತುವದು, ಚೀಟಿ ಕೂಗುವದು ಬೇಡವೇ ಬೇಡ. ಸಾಲ ಮಾಡಿ ಸೇವೆಗೆ ಹೋದವನು ಅಲ್ಲಿ ಹೋಗಿ ಬಡ್ಡಿಯನ್ನೇ ಎಣಿಸುವನು.

ಪೆಟ್ಟಿಗೆಯ ಮಾತನ್ನು ಬೇಗನೆ ಮುಗಿಸುತ್ತೇನೆ. ತಾಯಂದಿರು ತುಪ್ಪ, ಪೇಡ, ಮೈಸೂರುಪಾಕು ಕಟ್ಟಿಕೊಡುವದು ಸಹಜ; ಆದರೆ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಹೊರಗಿನ ದೇಶಗಳಿಂದ ಯೂರೋಪಿಗೆ ಒಯ್ಯಗೊಡುವದಿಲ್ಲ. ಹಸಿ ಕರಿಬೇವಿಗೂ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ತೆಂಗಿನಕಾಯಿಗೆ ಅಲ್ಲಿಯವರ ಅಡ್ಡಿಯಿಲ್ಲವಾದರೂ, ನಮ್ಮ ಜಿಲ್ಲೆಯ ಹೆಮ್ಮೆಯಾದ ಒಣ ಕೊಬ್ಬರಿಗೆ ಬೇಗ ಬೆಂಕಿ ಹತ್ತುವದೆಂಬ ಕಾರಣದಿಂದ ವಿಮಾನದಲ್ಲಿಯೇ ಸ್ಥಳವಿಲ್ಲ. ಸಾರಿನ ಪುಡಿ, ರಾಗಿ ಹಿಟ್ಟು ಸ್ವಲ್ಪ ಒಯ್ದರೆ ಸಾಕು. ದಪ್ಪ ಕಂಬಳಿಯ ಅಂಗಿಯನ್ನು ಇಲ್ಲಿ ಹುಡುಕುವದಕ್ಕಿಂತ ಅಲ್ಲಿಯ ಹಳೆ ಬಟ್ಟೆಯ ಅಂಗಡಿಯಲ್ಲಿ ಕೊಳ್ಳುವದು ಅಗ್ಗ.

ದೇಹಕ್ಕಿಂತ ಮನಸ್ಸಿಗೆ ಬಾಧಿಸುವವು ಬೇರೆಯೇ. ಅಲ್ಲಿ ಅನೇಕ ಮನೆಗಳಲ್ಲಿ ರಾತ್ರಿಯ ಊಟವೆಂದರೆ ರೊಟ್ಟಿ, ಗಿಣ್ಣು, ಬೆಣ್ಣೆ, ಬಿಸಿಯಾದದ್ದೇನೂ ಇರುವದಿಲ್ಲ. ಬಿಸಿ ಮುದ್ದೆಯೂ ಹುರುಳಿ ಸಾರೂ ಉಂಡ ಹೊಟ್ಟೆಗೆ ಇದು ಊಟವೇ ಅಲ್ಲವೆನಿಸುವದು. ದಶಂಬರದಲ್ಲಿ ಹಗಲು ಎಂಟು ಗಂಟೆಗೆ ಸ್ವಲ್ಪ ಮೇಲಷ್ಟೇ. ಅದೇ ದಿನ ತುಮಕೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು ಬೆಳಕಿರುವದು. ಕತ್ತಲೆಯಲ್ಲಿ ಕೆಲಸಕ್ಕೆ ಹೋಗಿ ಕತ್ತಲೆಯಲ್ಲಿ ಹಿಂದಿರುಗುವವನಿಗೆ ಕಾರಣವಿಲ್ಲದೆ ಅಳು ಬಂದರೆ ಅದು ನಂಬಿಕೆಯ ಕೊರತೆಯಲ್ಲ, ಬೆಳಕಿನ ಕೊರತೆ. ಆದಿತ್ಯವಾರ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಸದ್ದಿರುವದಿಲ್ಲ, ಬಾಗಿಲು ತಟ್ಟಿ ಒಳಗೆ ಬರುವ ನೆರೆಯವರಿಲ್ಲ. ಆಗ ಕೈ ಫೋನಿಗೆ ಹೋಗುತ್ತದೆ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದು. ನನ್ನ ಸಲಹೆಯೇನಂದರೆ, ವಾರಕ್ಕೆ ಎರಡು ಸಾರಿ ಇಷ್ಟು ಹೊತ್ತಿಗೆ ಎಂದು ಮೊದಲೇ ಗೊತ್ತುಮಾಡಿಕೊಂಡು ಮಾತಾಡುವದು ಒಳ್ಳೇದು. ದಿನಕ್ಕೆ ಮೂರು ಸಾರಿ ಮುಖ ನೋಡುವ ತಾಯಿ ಮಕ್ಕಳಲ್ಲಿ ತಾಯಿಗೂ ನಿದ್ರೆಯಿಲ್ಲ, ಮಗಳೂ ಅಲ್ಲಿ ಕಾಲೂರುವದಿಲ್ಲ. ತಾಯಂದಿರು ಈ ಮಾತಿಗೆ ನನ್ನ ಮೇಲೆ ಕೋಪಿಸಿಕೊಳ್ಳುವರೆಂದು ಬಲ್ಲೆನು.

ಮಧ್ಯದಲ್ಲಿ ಹಿಂದಿರುಗಬೇಕಾಗಿ ಬಂದರೆ? ಇದನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯವನ್ನು ಮನೆಯವರೆಲ್ಲರೂ ಕೂಡಿ ಓದಿರಿ. ಮಾರ್ಕನೆನಿಸಿಕೊಂಡ ಯೋಹಾನನು ಪೌಲ ಬಾರ್ನಬರ ಜೊತೆಯಲ್ಲಿ ಹೊರಟು, ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಯಾಕೆ ಹಿಂದಿರುಗಿದನೆಂಬದನ್ನು ಗ್ರಂಥಕರ್ತನು ಹೇಳುವದೇ ಇಲ್ಲ. ಹದಿನೈದನೆಯ ಅಧ್ಯಾಯದಲ್ಲಿ ಅವನನ್ನು ತಿರಿಗಿ ಕರೆದುಕೊಂಡು ಹೋಗುವ ವಿಷಯದಲ್ಲಿ ಹಿರಿಯರಿಬ್ಬರಿಗೂ ತೀಕ್ಷ್ಣವಾದ ವಾಗ್ವಾದವಾಗಿ ಅವರೇ ಅಗಲಿದರು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯಕ್ಕೆ ಬರುವಾಗ ಅದೇ ಪೌಲನು ಅದೇ ಮಾರ್ಕನನ್ನು ತನ್ನ ಬಳಿಗೆ ಕರೆತರಬೇಕೆಂದು ಕೇಳಿಕೊಳ್ಳುತ್ತಾನೆ. ನಾಲ್ಕು ತಿಂಗಳಿಗೆ ಹಿಂದಿರುಗಿದ ಹುಡುಗಿಯನ್ನು ನೋಡಿ ಬಾಯಿಗೆ ಬಂದಂತೆ ಆಡುವ ಸಭೆಯವರು ಈ ಮೂರು ಸ್ಥಳಗಳನ್ನು ಕ್ರಮವಾಗಿ ಓದಲಿ. ಗುಬ್ಬಿಯ ಆರ್ಥರರನ್ನೂ ನೆನಸಲಿ. ಕಣ್ಣಿನ ಬೇನೆಯಿಂದ ಎರಡೇ ವರುಷದಲ್ಲಿ ಹಿಂದಿರುಗಿದ ಅವರು ಮುಂದೆ 1866ರಲ್ಲಿ ತಮ್ಮ ಸಭೆಯ ಮಹಾಸಮ್ಮೇಳನಕ್ಕೆ ಅಧ್ಯಕ್ಷರಾದರು.

ಹಿಂದಿರುಗುವದೇ ಈ ವರುಷದ ಕರಾರು. ವೀಸಾದ ಅವಧಿ ಮೀರಿ ನಿಂತವನು ತಾನು ಕೆಡುವದಲ್ಲದೆ ತನ್ನ ಹಿಂದೆ ಬರಬೇಕೆಂದಿರುವ ಬೇರೆ ಊರಿನ ಹುಡುಗರ ದಾರಿಗೂ ಬೇಲಿ ಹಾಕುವನು. ಆದಕಾರಣ ಹೋಗುವ ಸಿದ್ಧತೆಯೊಂದಿಗೇ ಬರುವ ಸಿದ್ಧತೆಯೂ ಆಗಬೇಕು. ಕಾಲೇಜಿನಲ್ಲಿ ಓದುತ್ತಿರುವವರು ಒಂದು ವರುಷ ಬಿಟ್ಟರೆ ಸ್ಥಳ ಉಳಿಯುವದೋ ಎಂದು ಪ್ರಾಂಶುಪಾಲರಿಂದ ಬರಹದಲ್ಲಿ ಪಡೆದುಕೊಳ್ಳಲಿ. ಡಿಗ್ರಿ ಮುಗಿಸಿದವರಿಗೆ ಈ ತೊಂದರೆಯಿಲ್ಲವಾದ್ದರಿಂದ ಅವರೇ ಹೋಗುವದು ನನಗೆ ಹೆಚ್ಚು ಯುಕ್ತವೆಂದು ತೋರುತ್ತದೆ. ಹೊರಡುವ ವಾರದಲ್ಲಿ ಪಾಸ್‌ಪೋರ್ಟು, ವೀಸಾ, ವಿಮೆಯ ಚೀಟಿ, ಅಲ್ಲಿಯ ವಿಳಾಸ ಇವುಗಳ ಎರಡು ಪ್ರತಿ ಮಾಡಿಸಿ ಒಂದನ್ನು ಮನೆಯಲ್ಲಿಯೂ ಒಂದನ್ನು ಸಭಾಪಾಲಕರ ಹತ್ತಿರವೂ ಇಡತಕ್ಕದ್ದು. ಪ್ರತಿಯ ಹಿಂಬದಿಯಲ್ಲಿ ಎರಡು ಸಂಗತಿಗಳನ್ನು ಬರೆದಿರಲಿ: ಅಲ್ಲಿ ಅಪಾಯದ ವೇಳೆ ಕರೆಯುವ ಸಂಖ್ಯೆ 112, ಸ್ಟುಟ್‌ಗಾರ್ಟ್ ಸೀಮೆಯಲ್ಲಿರುವ ನಮ್ಮ ದೇಶದವರ ಕಷ್ಟಸುಖ ವಿಚಾರಿಸುವ ಇಂಡಿಯಾದ ಕಾನ್ಸುಲೇಟು ಮ್ಯೂನಿಕ್ ನಗರದಲ್ಲಿರುವದು.